ಸುವಾರ್ತೆ ಹೊತ್ತು ಹೋಗುವ ಮಕ್ಕಳಿಗೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಲ್ಲಿ ನೀವು ಸಂಡೇ ಸ್ಕೂಲ್ ನಡೆಸುತ್ತೀರಿ, ಮನೆ ಪ್ರಾರ್ಥನೆಗೆ ಹೋಗುತ್ತೀರಿ. ಬೈಬಲ್ ಕಾಲೇಜು ಮುಗಿಸಿ ಈಗಷ್ಟೇ ಸಭೆಯ ಹೊಣೆ ಹೊತ್ತವರೂ ನಿಮ್ಮಲ್ಲಿ ಇದ್ದೀರಿ. ಏಪ್ರಿಲ್ ತಿಂಗಳ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಬೈಕ್ ಹೊಡೆದುಕೊಂಡು, ಭೀಮೆಯ ದಂಡೆಯ ಊರುಗಳ ತನಕ ಹೋಗಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಉತ್ಸಾಹದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನ ಚಿಂತೆ ನಿಮ್ಮ ಮಾತಿನದು. ನೀವು ಆಡುವ ಮಾತು ಕೇಳುವವರ ಎದೆಗೆ ಇಳಿಯುತ್ತಿಲ್ಲ. ಎಷ್ಟೋ ಸಲ ಅದು ಅವರನ್ನು ನೋಯಿಸಿ ಬರುತ್ತಿದೆ. ವಯಸ್ಸಾದವನು ಹೇಳುತ್ತಿದ್ದಾನೆಂದು ಸ್ವಲ್ಪ ತಾಳ್ಮೆಯಿಂದ ಓದಿ.

ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಸಿಂದಗಿ ಕಡೆಯ ಒಂದು ಹಳ್ಳಿಯ ಮನೆ ಪ್ರಾರ್ಥನೆಗೆ ಹೋಗಿದ್ದೆ. ಪತ್ರಾಸಿನ ಒಂದೇ ಖೋಲಿ. ಇಪ್ಪತ್ತು ಜನ ಒತ್ತಾಗಿ ಕೂತಿದ್ದರು. ಅದರೊಳಗೆ ಆಳೆತ್ತರದ ಎರಡು ಸೌಂಡ್ ಬಾಕ್ಸ್, ಒಂದು ಕೀಬೋರ್ಡ್. ಮಾತಾಡಲು ಬಂದ ತಮ್ಮ ಒಂದೂವರೆ ತಾಸು ಮೈಕ್ ಕೆಳಗಿಡಲಿಲ್ಲ. ಟಿವಿಯಲ್ಲಿ ಬರುವ ತೆಲುಗು ಬೋಧಕರ ಏರಿಳಿತ, ಅವರದೇ ಕೈ ಬೀಸು, ನಡುನಡುವೆ ಇಂಗ್ಲಿಷು. ಮುಂದೆ ಕೂತ ಕೂಸು ಎರಡೂ ಕಿವಿ ಮುಚ್ಚಿಕೊಂಡು ಅವ್ವನ ಸೆರಗಿನೊಳಗೆ ಮುಖ ಹುದುಗಿಸಿತ್ತು. ಆ ಮನೆಯ ಆರು ಎಕರೆ ತೊಗರಿ ಹೂವಾಡುವ ಹೊತ್ತಿಗೆ ನಿಂತಲ್ಲೇ ಒಣಗಿಹೋಗಿತ್ತು. ಒಣಗಿದ ಗಿಡದ ಹೊರೆ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ದಾಟಿಕೊಂಡೇ ಎಲ್ಲರೂ ಒಳಗೆ ಬಂದಿದ್ದೆವು. ಪ್ರಾರ್ಥನೆ ಮುಗಿದ ಮೇಲೆ ಆ ತಮ್ಮ ಮುಂದಿನ ಊರಿಗೆ ತಡವಾಯಿತೆಂದು ಹೊರಟ. ಮನೆಯ ಮುದುಕಿ ನನಗೆ ಚಹಾ ಕೊಡುತ್ತ ಅಂದಳು: "ಹುಡುಗ ಚಲೋ ಕೂಗತಾನ್ರಿ ಮಾಸ್ತರ. ಆದರ ಹೊಲ ಏನಾತು ಅಂತ ಒಂದು ಮಾತು ಕೇಳಲಿಲ್ಲ ನೋಡ್ರಿ."

ಆ ಮುದುಕಿಯ ಮಾತೇ ಈ ಪತ್ರ ಬರೆಸುತ್ತಿದೆ. ಸೇವೆಗೆ ಹೊರಟವರು ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ಇದು ನಾನು ಕಟ್ಟಿದ ಮಾತಲ್ಲ. ಯೇಸುಸ್ವಾಮಿ ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ಕೇಳಿದ್ದು ಕುಡಿಯುವ ನೀರು. ಎಮ್ಮಾವಿನ ದಾರಿಯಲ್ಲಿ ದುಃಖದಲ್ಲಿದ್ದ ಇಬ್ಬರ ಜೊತೆ ಹೆಜ್ಜೆ ಹಾಕುತ್ತ, ಏನು ಮಾತಾಡಿಕೊಳ್ಳುತ್ತಿದ್ದೀರೆಂದು ಕೇಳಿ, ಅವರ ಕಥೆ ಮುಗಿಯುವ ತನಕ ತಡೆದರು. ಕ್ಯಾಥೋಲಿಕ್ ಸಭೆ 1967ರಿಂದ ಪ್ರತಿವರ್ಷ ಸಂವಹನ ದಿನ ಆಚರಿಸುತ್ತಿದೆ. 2022ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಆರಿಸಿಕೊಂಡ ವಿಷಯ, ಮನಸ್ಸಿಟ್ಟು ಕೇಳಿಸಿಕೊಳ್ಳುವುದು. ಕ್ಯಾಮೆರಾ, ಚಾನೆಲ್ಲುಗಳ ಈ ಕಾಲದಲ್ಲಿ ಇಡೀ ಜಗತ್ತಿನ ಸಭೆಗೆ ಅವರು ನೆನಪಿಸಿದ್ದು ಕಿವಿಯನ್ನು.

ನಮ್ಮ ನಾಡಿನ ಸಭೆಯ ಹಳೆಯ ದಿನಗಳನ್ನು ಒಮ್ಮೆ ನೋಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, 1885ರ ಸುಮಾರಿಗೆ ನಮ್ಮ ವಿಜಯಪುರ ಹೀಗೆ ಒಂದೊಂದೇ ಊರಿಗೆ ಕಾಲಿಟ್ಟರು. ಅವರಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಅದರಲ್ಲಿ ಏನಿತ್ತು ಗೊತ್ತೇ? ಊರಿನ ವರ್ತಮಾನ, ಸರ್ಕಾರದ ಆದೇಶ, ಬೇರೆ ದೇಶದ ಸುದ್ದಿ, ಬುದ್ಧಿಮಾತು, ಹಾಡು, ಕಥೆ. ಧರ್ಮ ಹೇಳಲೆಂದೇ ಬಂದ ಮನುಷ್ಯ ಜನರಿಗೆ ಬೇಕಾದ ಸುದ್ದಿಯನ್ನು ಅವರ ಮನೆಬಾಗಿಲಿಗೆ ಮುಟ್ಟಿಸಿದರು. ಅದೇ ಮೋಗ್ಲಿಂಗ್ ಆಮೇಲೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ತಾವು ಯಾರ ನಡುವೆ ಇದ್ದೇವೆ, ಆ ಜನರ ಬಾಯಲ್ಲಿ ಏನಿದೆ, ಎದೆಯಲ್ಲಿ ಏನಿದೆ ಎಂದು ತಿಳಿಯದೆ ಕೆಲಸ ಸಾಗದೆಂದು ಅವರಿಗೆ ಅನ್ನಿಸಿತ್ತು.

ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಬಂದದ್ದು 1853ರಲ್ಲಿ. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೇ ಅಳವಡಿಸಿ 'ಕಥಾಮಾಲೆ' ಬರೆದರು. ಸುಮಾರು 70,000 ಶಬ್ದಗಳ ಅವರ ನಿಘಂಟು ಹೊರಬಂದದ್ದು 1894ರಲ್ಲಿ, ಈ ನೆಲಕ್ಕೆ ಬಂದು ನಾಲ್ಕು ದಶಕ ಕಳೆದ ಮೇಲೆ. ಹಳ್ಳಿಯ ಗಾದೆಗಳು ಆ ನಿಘಂಟಿನೊಳಗೆ ತುಂಬಿವೆ. ಜರ್ಮನಿಯಿಂದ ಬಂದವರೊಬ್ಬರು ಕನ್ನಡದ ಗಾದೆ ಹುಡುಕಿ ಬರೆದಿಟ್ಟರು. ಇಲ್ಲೇ ಹುಟ್ಟಿ ಜೋಳದ ರೊಟ್ಟಿ ತಿಂದು ಬೆಳೆದ ನೀವು ಅವ್ವ ಆಡುವ ಮಾತನ್ನು ಬಿಟ್ಟು ಟಿವಿಯವರ ಮಾತನ್ನು ಎರವಲು ತರುತ್ತೀರಿ. ನನಗೆ ಸಂಕಟವಾಗುವುದು ಇಲ್ಲಿ. ಮುದ್ದೇಬಿಹಾಳದ ತಾಂಡಾದಲ್ಲಿ ಕೂತ ಅಜ್ಜಿಗೆ ನಿಮ್ಮ "ಪ್ರೇಸ್ ದ ಲಾರ್ಡ್" ಏನು ಹೇಳುತ್ತದೆ? ಆಕೆಯ ಹತ್ತಿರ ಹೋದರೆ ನಾಲ್ಕು ಮಾತು ಲಂಬಾಣಿಯಲ್ಲಿ ಆಡಲು ಕಲಿಯಿರಿ. ಬರದಿದ್ದರೆ ಆಕೆಯ ಮೊಮ್ಮಗಳನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಹೇಳಿಸಿ.

ಅದೇ ಮಿಷನ್ನಿನ ಬೋಧಕರು ಜಾತ್ರೆಗಳಲ್ಲಿ ನಿಂತು ಜನರ ದೇವರನ್ನು ಹಳಿದದ್ದೂ ಉಂಟು. ಅದನ್ನು ಮುಚ್ಚಿಡುವುದು ಬೇಡ. ಹಳಿದ ಮಾತು ಯಾರನ್ನೂ ಹತ್ತಿರ ತರಲಿಲ್ಲ. ಶಾಲೆ, ಅಚ್ಚುಕೂಟ, ನಿಘಂಟುಗಳನ್ನು ಮಾತ್ರ ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಇಷ್ಟು ಗೊತ್ತಿದ್ದೂ ಇವತ್ತು ನಿಮ್ಮಲ್ಲಿ ಕೆಲವರು ನೆರೆಯವರ ದೇವರನ್ನು, ಹಬ್ಬವನ್ನು ಅಣಕಿಸುವ ವಿಡಿಯೋಗಳನ್ನು ವಾಟ್ಸಾಪ್‌ನಲ್ಲಿ ಮುಂದಕ್ಕೆ ತಳ್ಳುತ್ತೀರಿ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಬೆರಳ ತುದಿಯಲ್ಲಿ ನೀವು ಒತ್ತಿದ್ದು ಸಂಜೆಯೊಳಗೆ ಇಡೀ ಊರಿನ ಫೋನಿನಲ್ಲಿರುತ್ತದೆ. ಅದರ ಬೆಲೆ ತೆರುವವರು ಆ ಊರಿನ ಓಣಿಯಲ್ಲಿ ನಾಳೆಯೂ ಬಾಳಬೇಕಾದ ನಮ್ಮ ಸಭೆಯ ಎರಡು ಮೂರು ಬಡ ಕುಟುಂಬಗಳು. ಅವರು ನಳದ ನೀರಿಗೂ ಅಂಗಡಿಗೂ ಅದೇ ನೆರೆಯವರ ಮುಂದೆ ಹಾದು ಹೋಗಬೇಕು. ನೀವು ಬೈಕ್ ಹತ್ತಿ ಬರುತ್ತೀರಿ.

ಬಸವನ ಬಾಗೇವಾಡಿಯ ಕಡೆ ಹೋಗುವವರಿಗೆ ಇನ್ನೊಂದು ಮಾತು. ಅದು ಬಸವಣ್ಣನವರು ಹುಟ್ಟಿದ ನೆಲ. ಅಲ್ಲಿ ಓದು ಬಾರದವರ ಬಾಯಲ್ಲೂ ವಚನಗಳಿವೆ. ಅಂಥವರ ಮುಂದೆ ನಿಂತು "ನೀವು ಇಷ್ಟು ದಿನ ಕತ್ತಲಲ್ಲಿದ್ದಿರಿ" ಎಂದು ಶುರು ಮಾಡುವುದು ಎಂಥ ಅವಿವೇಕ! ನಮ್ಮ ಸಭೆಯವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಸುವಾರ್ತೆ ಸಾರಲು ಹೋದ ಊರುಗಳಲ್ಲಿ ಜನರ ಬಾಯಲ್ಲಿದ್ದ ಸರ್ವಜ್ಞನನ್ನು ಕೇಳಿಸಿಕೊಂಡರು, ಹಸ್ತಪ್ರತಿಗಳನ್ನು ಹುಡುಕಿದರು, ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ವಚನಗಳ ಬಗ್ಗೆ, ಅನುಭವ ಮಂಟಪದ ಬಗ್ಗೆ ಬರೆದರು. ಕೊನೆಯ ತನಕ ಕ್ರೈಸ್ತರಾಗಿಯೇ ಬಾಳಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಒಬ್ಬ ಪಾದ್ರಿಯ ಮಾತಿಗೆ ಇಡೀ ಕನ್ನಡ ನಾಡು ಕಿವಿಗೊಟ್ಟಿತ್ತು, ಯಾಕೆಂದರೆ ಅವರು ಮೊದಲು ನಾಡಿನ ಮಾತಿಗೆ ಕಿವಿಗೊಟ್ಟಿದ್ದರು. ನಿಮ್ಮ ಕಪಾಟಿನಲ್ಲಿ ಬೈಬಲ್ಲಿನ ಪಕ್ಕ ಒಂದು ವಚನ ಸಂಪುಟ, ಒಂದು ಸರ್ವಜ್ಞ ಇರಲಿ. ಅದರಿಂದ ನಿಮ್ಮ ನಂಬಿಕೆ ಸಡಿಲವಾಗದು.

ಇಂಡಿ ಕಡೆಯವರಿಗೆ ಹಲಸಂಗಿ ದೂರವೇನಲ್ಲ. ಅಲ್ಲಿನ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾ ಸಾಹೇಬ, ಈ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡಿಗೆ ಬೆಲೆ ಕೊಟ್ಟರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. ಹೆಣ್ಣುಮಕ್ಕಳು ತವರಿನ ಬಗ್ಗೆ, ಗಂಡನ ಬಗ್ಗೆ, ತೀರಿಹೋದ ಕೂಸಿನ ಬಗ್ಗೆ ಏನು ಅನ್ನುತ್ತಾರೆಂಬುದು ಅದರಲ್ಲಿದೆ. ನಮ್ಮ ಸಭೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೂರುವವರು ಹೆಣ್ಣುಮಕ್ಕಳೇ. ಅವರಿಗೆ ಮಾತಾಡಲು ನಾವು ಎಷ್ಟು ಹೊತ್ತು ಕೊಡುತ್ತೇವೆ? ಆರಾಧನೆ ಮುಗಿದ ಮೇಲೆ ಅರ್ಧ ತಾಸು ಸುಮ್ಮನೆ ಕೂತು ನೋಡಿ. ಗಂಡ ಪುಣೆಗೆ ದುಡಿಯಲು ಹೋಗಿ ಎರಡು ತಿಂಗಳಿಂದ ಫೋನ್ ಮಾಡಿಲ್ಲ ಅನ್ನುವವಳು ಅಲ್ಲೇ ಇರುತ್ತಾಳೆ. ಮಗಳ ಹಾಸ್ಟೆಲ್ ಅರ್ಜಿ ತುಂಬಲು ಬಾರದವಳೂ ಇರುತ್ತಾಳೆ.

ಮಾತಾಡುವ ರೀತಿ ಕಲಿಯಲು ಮತ ಅಡ್ಡ ಬರಬಾರದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ತೀರಿಕೊಂಡಾಗ ಈ ಜಿಲ್ಲೆಯಲ್ಲಿ ಅಳದವರಿಲ್ಲ. ಅವರ ಪ್ರವಚನ ಕೇಳಿದವರಿಗೆ ಗೊತ್ತು. ಬೆಳಗಿನ ಹೊತ್ತು, ಬಯಲಲ್ಲಿ ಸಾವಿರಾರು ಜನ, ದನಿ ಏರಿಸದ ಮಾತು, ಹೊಲ, ಗಿಡ, ಹಕ್ಕಿಗಳ ಉದಾಹರಣೆ. ಜೇಬಿಲ್ಲದ ಬಿಳಿ ಅಂಗಿ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದವರು. ಅವರ ಮಾತಿಗೂ ಬದುಕಿಗೂ ನಡುವೆ ಬಿರುಕು ಇರಲಿಲ್ಲ, ಆದ್ದರಿಂದ ಮೆಲ್ಲಗೆ ಆಡಿದ್ದೂ ದೂರದ ತನಕ ಕೇಳಿಸುತ್ತಿತ್ತು. ಅವರ ಧ್ವನಿಮುದ್ರಣಗಳನ್ನು ಕೇಳಿ. ಸೌಂಡ್ ಬಾಕ್ಸ್ ಬಾಡಿಗೆಗೆ ಸುರಿಯುವ ಹಣವನ್ನು ಸಂಡೇ ಸ್ಕೂಲಿನ ಮಕ್ಕಳ ಪುಸ್ತಕಕ್ಕೆ ಹಾಕಿ.

ಫೋನ್ ಬೇಡವೆಂದು ನಾನು ಹೇಳುವುದಿಲ್ಲ. ಮೋಗ್ಲಿಂಗ್ ಕೈಯಲ್ಲಿ ಕಲ್ಲಚ್ಚು ಇತ್ತು, ನಿಮ್ಮ ಕೈಯಲ್ಲಿ ಫೋನಿದೆ. ಸಭೆಯ ಗುಂಪಿನಲ್ಲಿ ದಿನಕ್ಕೆ ಹತ್ತು ಬೈಬಲ್ ವಚನದ ಚಿತ್ರ ಹಾಕುವ ಬದಲು ಒಂದು ಹಾಕಿ. ಉಳಿದಂತೆ ತಾಲ್ಲೂಕು ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುವ ದಿನ, ವಿದ್ಯಾರ್ಥಿವೇತನದ ಕೊನೆಯ ತಾರೀಖು, ಮಕ್ಕಳ ಸಹಾಯವಾಣಿ 1098, ಬೇರೆ ರಾಜ್ಯದಲ್ಲಿ ದುಡಿಯುವವರು ಇಲ್ಲಿಯ ಕಾರ್ಡಿನಿಂದಲೇ ಅಲ್ಲಿ ರೇಷನ್ ಪಡೆಯಬಹುದೆಂಬ ಸುದ್ದಿ, ಇಂಥವನ್ನು ಹಾಕಿ. ಎಲ್ಲ ಮತದವರಿಗೂ ಕಳಿಸಿ. ಆದರೆ ಅಕ್ಕಿ, ಪುಸ್ತಕ, ಔಷಧಿ, ಅರ್ಜಿ ತುಂಬುವ ಸಹಾಯ, ಯಾವುದನ್ನೂ ಸಭೆಗೆ ಬರಬೇಕೆಂಬ ಶರತ್ತಿಗೆ ಕಟ್ಟಬೇಡಿ. 2022ರಲ್ಲಿ ಮತಾಂತರದ ಬಗ್ಗೆ ರಾಜ್ಯದಲ್ಲಿ ಕಾಯ್ದೆ ಬಂದ ಮೇಲೆ ನಿಮ್ಮಲ್ಲಿ ಭಯ ಹೆಚ್ಚಿದೆ, ನನಗೆ ಗೊತ್ತು. ಕಾಯ್ದೆ ಬರುವ ಮೊದಲೂ ಆಮಿಷ ತಪ್ಪೇ ಆಗಿತ್ತು. ಹಸಿದವನಿಗೆ ಕೊಟ್ಟ ರೊಟ್ಟಿಯ ಲೆಕ್ಕ ಇಡುವವನು ಯೇಸುವಿನ ಹೆಸರು ಹೇಳಬಾರದು.

ಕೊನೆಗೆ, ನನ್ನ ನಿದ್ದೆ ಕೆಡಿಸುವ ವಿಷಯವೊಂದಿದೆ. ರೋಗ ವಾಸಿಯಾಯಿತೆಂಬ ಸಾಕ್ಷಿಯ ವಿಡಿಯೋಗಳು. ಕ್ಷಯರೋಗದ ಮನುಷ್ಯನಿಗೆ ಗುಳಿಗೆ ಶುರುವಾಗಿ ತಿಂಗಳೊಳಗೆ ಕೆಮ್ಮು ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಆಗಲೇ ಅವನನ್ನು ವೇದಿಕೆಗೆ ಹತ್ತಿಸಿ "ಪೂರ್ತಿ ಗುಣವಾಗಿದೆ, ಇನ್ನು ಗುಳಿಗೆ ಬೇಡ" ಅನ್ನಿಸಿದರೆ, ರೋಗ ಒಳಗೇ ಉಳಿದು ಗಟ್ಟಿಯಾಗುತ್ತದೆ. ಮುಂದೆ ಅದೇ ಗುಳಿಗೆ ನಾಟುವುದಿಲ್ಲ. ಮನೆಯ ಮಕ್ಕಳಿಗೂ ಹತ್ತುತ್ತದೆ. ಸಕ್ಕರೆ ಕಾಯಿಲೆಯವರು, ಮೂರ್ಛೆ ರೋಗದವರು ಹೀಗೆ ಗುಳಿಗೆ ಬಿಟ್ಟರೂ ಅಪಾಯವೇ. ಪ್ರಾರ್ಥನೆ ಮಾಡಿ, ತಲೆಯ ಮೇಲೆ ಕೈಯಿಡಿ, ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿರಿ. ಜೊತೆಗೆ ಬೆಳಿಗ್ಗೆ ಎದ್ದು ಗುಳಿಗೆ ನುಂಗಿದರೋ ಇಲ್ಲವೋ ಕೇಳಿ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ಸಾಮಾನ್ಯವಾಗಿ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಅದು ಮುಗಿದು, ಡಾಕ್ಟರು ಕಫ ಪರೀಕ್ಷೆ ಮಾಡಿ ಗುಣವಾಯಿತೆಂದ ಮೇಲೆ, ಅವನಿಗೆ ಮನಸ್ಸಿದ್ದರೆ, ಅವನ ಮಾತಿನಲ್ಲೇ ಸಾಕ್ಷಿ ಹೇಳಲಿ. ವಿಡಿಯೋ ಮಾಡುವ ಮೊದಲು ಅವನನ್ನೂ ಅವನ ಹೆಂಡತಿಯನ್ನೂ ಒಂದು ಮಾತು ಕೇಳಿ.