ಬೇಸ್‌ಮೆಂಟಿಗೆ ನೀರು ನುಗ್ಗದಿರಲು ಹತ್ತು ಸೂತ್ರಗಳು

ಬೆಂಗಳೂರಿನಲ್ಲಿ ‘ಸಂಪು’ ಎಂದರೆ ಕಾವೇರಿ ನೀರು ತುಂಬಿಡುವ ತೊಟ್ಟಿ. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಗುಂಡಿಯ ವಿಷಯ. ಬೇಸ್‌ಮೆಂಟಿನ ಮೂಲೆಯಲ್ಲಿ ಮಳೆನೀರನ್ನು ಕೂಡಿಸಿಕೊಂಡು ಮೋಟಾರಿನಿಂದ ಹೊರಗೆ ತಳ್ಳುವ ಗುಂಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡ ಮೇಲೂ ನಮ್ಮಲ್ಲಿ ಅನೇಕರು ಈ ಗುಂಡಿಯ ಮುಚ್ಚಳ ತೆಗೆದು ನೋಡಿಲ್ಲ. ಈ ವರ್ಷ ನೋಡೋಣ.

1. ನೀರಿನ ದಾರಿ ಹುಡುಕಿ.
ಜೋರು ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ನಿಂತು ನೋಡಿ. ನೀರು ರ‍್ಯಾಂಪಿನಿಂದ ಇಳಿಯುತ್ತದೆಯೇ, ಗೋಡೆಯಲ್ಲಿ ಒಸರುತ್ತದೆಯೇ, ಯುಜಿಡಿ (ಒಳಚರಂಡಿ) ಚೇಂಬರಿನಿಂದ ಉಕ್ಕುತ್ತದೆಯೇ? ರ‍್ಯಾಂಪಿನ ತಲೆಯಲ್ಲಿ ಒಂದು ಉಬ್ಬು, ಬುಡದಲ್ಲಿ ಜಾಲರಿ ಹಾಕಿದ ಮೋರಿ ಇದ್ದರೆ ಪಂಪಿನ ಅರ್ಧ ಕೆಲಸ ಮುಗಿದಂತೆ.

2. ತಾರಸಿಯ ನೀರನ್ನು ಬೇರೆ ಕಡೆ ತಿರುಗಿಸಿ.
30x40 ಅಡಿ ಸೈಟಿನ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಸುಮಾರು 5,500 ಲೀಟರ್ ನೀರು. ನಿಮಿಷಕ್ಕೆ 90 ಲೀಟರಿಗೂ ಹೆಚ್ಚು. ಇದರಲ್ಲಿ ತಾರಸಿಯ ಪಾಲೇ ದೊಡ್ಡದು. ಅದನ್ನು ಮಳೆಕೊಯ್ಲಿನ ತೊಟ್ಟಿಗೋ ಇಂಗುಬಾವಿಗೋ ಬಿಡಿ. ಒಳ್ಳೆಯ ನೀರು ಕೆಳಗಿಳಿದು ಕೊಳೆಯಾಗುವುದೂ ತಪ್ಪುತ್ತದೆ.

3. ಎಚ್‌ಪಿ ನೋಡಿ ಕೊಳ್ಳಬೇಡಿ, ಎತ್ತರ ನೋಡಿ ಕೊಳ್ಳಿ.
ಪಂಪಿನ ಪ್ಲೇಟಿನ ಮೇಲೆ ಗರಿಷ್ಠ ಹೆಡ್ 10 ಮೀಟರ್ ಎಂದು ಬರೆದಿದ್ದರೆ, ಅಷ್ಟು ಎತ್ತರಕ್ಕೆ ಹೊರಬರುವ ನೀರು ಸೊನ್ನೆ ಎಂದರ್ಥ. ಗುಂಡಿಯ ತಳದಿಂದ ಪೈಪಿನ ಬಾಯಿಯವರೆಗೆ ಅಳೆದು, ಆ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ ಎಂದು ಅಂಗಡಿಯಲ್ಲಿ ಕೇಳಿ.

4. ಗುಂಡಿಯನ್ನು ಅತಿ ತಗ್ಗಿನ ಮೂಲೆಯಲ್ಲಿ ತೋಡಿಸಿ.
ಉದ್ದ, ಅಗಲ, ಆಳ ಮೂರೂ ಮೂರಡಿ ಇದ್ದರೆ ಸುಮಾರು 750 ಲೀಟರ್ ಹಿಡಿಯುತ್ತದೆ. ನೆಲದ ಇಳಿಜಾರು ಅದರತ್ತಲೇ ಇರಲಿ. ಪಂಪನ್ನು ಕೆಸರಿನಲ್ಲಿ ಕೂರಿಸದೆ ಕಲ್ಲಿನ ಮೇಲೆ ಇಡಿ. ಮಕ್ಕಳು ಓಡಾಡುವ ಜಾಗ. ಗಟ್ಟಿ ಜಾಲರಿ ಮುಚ್ಚಿ.

5. ಮುಳುಗಿದರೂ ಓಡುವ ಪಂಪೇ ಬೇಕು.
ಕುಡಿಯುವ ನೀರೆತ್ತುವ ಮೋನೋಬ್ಲಾಕ್ ಇಲ್ಲಿ ನಡೆಯದು. ಮಣ್ಣು, ಕಸ ಬೆರೆತ ನೀರನ್ನು ತಳ್ಳುವ ಸಬ್‌ಮರ್ಸಿಬಲ್ ಡ್ರೈನೇಜ್ ಪಂಪು ತನ್ನಿ. 2022ರ ಅದೇ ಮಳೆಯಲ್ಲಿ ಬೆಂಗಳೂರಿಗೆ ಕಾವೇರಿ ನೀರೆತ್ತುವ ತೊರೆಕಾಡನಹಳ್ಳಿ ಸ್ಥಾವರದ ಯಂತ್ರಗಳೇ ನೀರಿನಲ್ಲಿ ಮುಳುಗಿದವು. ನಗರದ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ಒಣಗಿತು. ನೀರೆತ್ತುವ ಯಂತ್ರವೇ ಮುಳುಗಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

6. ಫ್ಲೋಟ್ ಸ್ವಿಚ್ಚಿಗೆ ಜಾಗ ಕೊಡಿ.
ನೀರು ಏರಿದಾಗ ಮೋಟಾರನ್ನು ತಾನೇ ಚಾಲೂ ಮಾಡುವುದು ಈ ಪುಟ್ಟ ಬುರುಡೆ. ಅದರ ವಯರು ಗೋಡೆಗೋ ಪೈಪಿಗೋ ಸಿಕ್ಕಿಕೊಂಡರೆ ಪಂಪು ಇದ್ದೂ ಇಲ್ಲದಂತೆ. ಸಾಧ್ಯವಿದ್ದರೆ ಸ್ವಲ್ಪ ಮೇಲಿನ ಮಟ್ಟಕ್ಕೆ ಇನ್ನೊಂದು ಪಂಪು ಇರಿಸಿ. ಒಂದು ಕೈಕೊಟ್ಟರೆ ಇನ್ನೊಂದು ಎತ್ತುತ್ತದೆ.

7. ಹೊರಹಾಕಿದ ನೀರು ಮರಳಿ ಬಾರದಿರಲಿ.
ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಬೆಂಡುಗಳು ಕಡಿಮೆ ಇರಲಿ. ಪೈಪಿನ ಬಾಯಿ ರಸ್ತೆಯಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಮೇಲಿರಬೇಕು. ನೀರನ್ನು ಮಳೆನೀರಿನ ಚರಂಡಿಗೇ ಬಿಡಿ. ಯುಜಿಡಿಗೆ ಬಿಟ್ಟರೆ ತಗ್ಗಿನಲ್ಲಿರುವ ನೆರೆಯವರ ಮನೆಯ ಚೇಂಬರ್ ಉಕ್ಕುತ್ತದೆ. ನಮ್ಮ ಮನೆ ಉಳಿಸಲು ಅವರ ಮನೆ ಕೆಡಿಸುವುದು ನ್ಯಾಯವಲ್ಲ.

8. ಕರೆಂಟಿನ ವಿಷಯದಲ್ಲಿ ರಾಜಿ ಬೇಡ.
2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರಲ್ಲಿ ನೆಲಮಾಳಿಗೆಯ ನೀರು ಹೊರಹಾಕಲು ಹೋಗಿ ಇಬ್ಬರು ವಿದ್ಯುದಾಘಾತಕ್ಕೆ ಬಲಿಯಾದರು, ಅವರಲ್ಲೊಬ್ಬ ಬಾಲಕ. ಸ್ವಿಚ್ ಬೋರ್ಡು ನೆಲಮಹಡಿಯಲ್ಲಿರಲಿ. ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಕಡ್ಡಾಯ. ನೀರಿನ ಮಟ್ಟದಲ್ಲಿ ವಯರಿನ ಜಾಯಿಂಟು ಇರಲೇಬಾರದು. ನೀರು ನಿಂತಿದ್ದರೆ, ಮೇನ್ ಆಫ್ ಮಾಡುವವರೆಗೆ ಯಾರೂ ಕಾಲಿಡಬೇಡಿ.

9. ಕರೆಂಟು ಹೋದಾಗ ಏನು ಗತಿ, ಈಗಲೇ ಯೋಚಿಸಿ.
ಮಳೆ ಬಂತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಅಪಾರ್ಟ್‌ಮೆಂಟಿನಲ್ಲಿ ಪಂಪಿನ ಲೈನು ಜನರೇಟರಿಗೆ ಸೇರಿರಲಿ. ಮನೆಯಲ್ಲಾದರೆ ಇನ್ವರ್ಟರ್ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಶುರುವಾಗುವ ಗಳಿಗೆಯಲ್ಲಿ ಮೋಟಾರು ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ.

10. ಬಿಸಿಲಿರುವಾಗಲೇ ಪರೀಕ್ಷೆ ಮಾಡಿ.
ಮಾರ್ಚ್ ತಿಂಗಳಲ್ಲಿ ಹೂಳು ತೆಗೆಸಿ, ಗುಂಡಿಗೆ ನೀರು ಸುರಿಯಿರಿ. ಫ್ಲೋಟ್ ಏಳಲಿ, ಮೋಟಾರು ಓಡಲಿ, ನೀರು ಚರಂಡಿಗೆ ಬೀಳುವುದನ್ನು ಕಣ್ಣಾರೆ ನೋಡಿ. ಮಳೆಗಾಲ ಮುಗಿಯುವವರೆಗೂ ತಿಂಗಳಿಗೊಮ್ಮೆ ಇದನ್ನೇ ಮಾಡಿ. ನೀರಿನ ಮಟ್ಟ ಏರಿದರೆ ಕೂಗುವ ಅಲಾರಂ ಒಂದನ್ನೂ ಹಾಕಿಸಿ. ಅದು ಮೇಲಿನ ಮಹಡಿಗೆ ಕೇಳಿಸಿದರಷ್ಟೇ ಸಾಲದು. ಎಷ್ಟೋ ಕಟ್ಟಡಗಳಲ್ಲಿ ಗುಂಡಿಯ ಪಕ್ಕದ ಕೋಣೆಯಲ್ಲೇ ವಾಚ್‌ಮನ್ ಸಂಸಾರ ಮಲಗಿರುತ್ತದೆ. ಅಲಾರಂ ಮೊದಲು ಅವರನ್ನು ಎಬ್ಬಿಸಬೇಕು.