ಬರಹವೆಂಬ ಕಾಯಕ

ಊರಿಗೆ ಹೊಸಬರು ಯಾರಾದರೂ ಬಂದರೆ, ಕುಶಲವನ್ನು ವಿಚಾರಿಸಿದ ಮೇಲೆ ನಾವು ಕೇಳುವ ಪ್ರಶ್ನೆ ಒಂದೇ: “ತಾವು ಏನು ಕೆಲಸ ಮಾಡಿಕೊಂಡಿದ್ದೀರಿ?” “ಬೇಸಾಯ”, “ಬಡಗಿಯ ಕೆಲಸ”, “ಶಾಲೆಯಲ್ಲಿ ಉಪಾಧ್ಯಾಯ” ಎಂದು ಉತ್ತರ ಬಂದರೆ ನಮಗೆ ಸಮಾಧಾನವಾಗುತ್ತದೆ. ಆದರೆ ಆ ವ್ಯಕ್ತಿಯು “ನಾನು ಬರೆಯುತ್ತೇನೆ” ಎಂದರೆ, ನಾವು ಕ್ಷಣಕಾಲ ಸುಮ್ಮನಿದ್ದು, “ಅದು ಸರಿ, ಜೀವನಕ್ಕೆ ಏನು ಮಾಡಿಕೊಂಡಿದ್ದೀರಿ?” ಎಂದು ಮತ್ತೆ ಕೇಳುತ್ತೇವೆ. ಈ ಎರಡನೆಯ ಪ್ರಶ್ನೆಯಲ್ಲಿ ತಿರಸ್ಕಾರವಿಲ್ಲ. ಬರಹದಿಂದ ಹೊಟ್ಟೆ ತುಂಬೀತೇ ಎಂಬ ಸಂಶಯವಿದೆ. ಆ ಸಂಶಯವು ಎಷ್ಟರ ಮಟ್ಟಿಗೆ ನಿಜ? ಲೇಖನಿಯನ್ನೇ ನಂಬಿದವರು ತಮ್ಮ ಬಾಳನ್ನು ಹೇಗೆ ನಡೆಸಿಕೊಂಡು ಬಂದಿದ್ದಾರೆ? ಈ ಪಾಠದಲ್ಲಿ ಅದನ್ನು ವಿಚಾರ ಮಾಡೋಣ.

ಹಿಂದಿನ ಕಾಲದಲ್ಲಿ ಕವಿಗಳಿಗೆ ರಾಜಾಶ್ರಯವಿತ್ತು. ಆದಿಕವಿ ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ದಾನವಾಗಿ ಕೊಟ್ಟನು. ಹನ್ನೆರಡನೆಯ ಶತಮಾನದ ವಚನಕಾರರ ರೀತಿಯೇ ಬೇರೆ. ಅವರು ತಮ್ಮ ತಮ್ಮ ಕಾಯಕದಿಂದ ಜೀವಿಸಿದರು. ವಚನವನ್ನು ಜೀವನೋಪಾಯವನ್ನಾಗಿ ಮಾಡಿಕೊಳ್ಳಲಿಲ್ಲ. ಮುಂದೆ ಮುದ್ರಣಯಂತ್ರವು ಬಂದಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹೊರಟಿತು. ಕ್ರಮೇಣ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವ ಓದುಗರು ಹುಟ್ಟಿಕೊಂಡರು. ಒಬ್ಬ ದೊರೆಯ ಸ್ಥಾನದಲ್ಲಿ ಸಾವಿರಾರು ಮಂದಿ ಸಾಮಾನ್ಯ ಜನರು ಲೇಖಕನಿಗೆ ಆಶ್ರಯದಾತರಾದರು. ಆದರೆ ದೊರೆಯು ಮೆಚ್ಚಿದರೆ ಒಂದು ಊರನ್ನೇ ಕೊಡಬಲ್ಲನು; ಓದುಗನು ಕೊಡುವುದು ಕೆಲವೇ ರೂಪಾಯಿಗಳನ್ನು. ಅದನ್ನು ಪಡೆಯಬೇಕಾದರೆ ಲೇಖಕನು ಓದುಗನ ಮನೆಯ ಬಾಗಿಲಿನವರೆಗೆ ನಡೆಯಬೇಕು.

ಹೀಗೆ ಅಕ್ಷರಶಃ ನಡೆದವರು ಗಳಗನಾಥರು. ಇವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥವು ಇವರ ಊರು. 1869ರಲ್ಲಿ ಜನಿಸಿದ ಇವರು ಮೊದಲು ಶಾಲಾ ಶಿಕ್ಷಕರಾಗಿದ್ದರು. ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯ ಮೂಲಕ ತಮ್ಮ ಕಾದಂಬರಿಗಳನ್ನು ಜನರಿಗೆ ಮುಟ್ಟಿಸಿದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವು ಅವರ ಪ್ರಸಿದ್ಧ ಕೃತಿ. ಪುಸ್ತಕದ ಅಂಗಡಿಗಳು ವಿರಳವಾಗಿದ್ದ ಆ ದಿನಗಳಲ್ಲಿ ಅವರು ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇದರಲ್ಲಿ ತಮ್ಮ ಘನತೆಗೆ ಕುಂದುಂಟೆಂದು ಅವರು ಭಾವಿಸಲಿಲ್ಲ. ಬೆಳೆದ ರೈತನೇ ಸಂತೆಗೆ ಹೊತ್ತುಕೊಂಡು ಹೋಗುವುದಿಲ್ಲವೇ?

ಅವರ ತರುವಾಯ ಬಂದ ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅದರ ಜೊತೆಯಲ್ಲಿಯೇ ಕಥೆ, ನಾಟಕ, ಪ್ರಬಂಧ, ವಿಮರ್ಶೆಗಳನ್ನು ಬರೆದರು, ಪತ್ರಿಕೆಗಳನ್ನು ಸಂಪಾದಿಸಿದರು, ನಾಡಿನುದ್ದಕ್ಕೂ ಸಂಚರಿಸಿ ಭಾಷಣ ಮಾಡಿದರು. ಕನ್ನಡ ಕಾದಂಬರಿಯನ್ನು ಕೊಂಡು ಓದುವ ಒಂದು ದೊಡ್ಡ ವರ್ಗವೇ ಇದರಿಂದ ಬೆಳೆಯಿತು. ನಿರಂಜನರು (1924–1991) ಕಾದಂಬರಿಗಳ ಜೊತೆಗೆ ಪತ್ರಿಕೆಗಳಿಗೆ ಅಂಕಣಗಳನ್ನು ಬರೆದರು. ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನೂ ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ವನ್ನೂ ಸಂಪಾದಿಸಿಕೊಟ್ಟರು.

ಇವರೆಲ್ಲರ ನಡುವೆ ಡಾ. ಶಿವರಾಮ ಕಾರಂತರ (1902–1997) ಉದಾಹರಣೆಯು ವಿಶೇಷವಾಗಿ ಮನನೀಯವಾದುದು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟ ಕಾರಂತರು ಸರಕಾರಿ ಹುದ್ದೆಯೊಂದನ್ನು ಅರಸಿ ಹೋಗಲಿಲ್ಲ. ಅವರು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಕಾದಂಬರಿಯೊಂದನ್ನೇ ನಂಬಿ ಕುಳಿತವರೂ ಅಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಶಬ್ದಕೋಶ, ಪ್ರವಾಸ ಕಥನ, ಯಕ್ಷಗಾನದ ಸಂಶೋಧನೆ – ಹೀಗೆ ಹಲವು ಹೊಲಗಳನ್ನು ಉತ್ತರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿ ಪುಸ್ತಕಗಳನ್ನು ಅಚ್ಚು ಹಾಕಿದರು. ಕೆಲವು ಪುಸ್ತಕಗಳಿಗೆ ಮುಖಪುಟದ ಚಿತ್ರವನ್ನೂ ತಾವೇ ಬರೆದರು. 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದ ಅವರ ದಿಟ್ಟತನವು ನಮಗೆಲ್ಲ ತಿಳಿದಿದೆ. ಸ್ವಂತ ದುಡಿಮೆಯ ಅನ್ನವನ್ನು ಉಂಡವನಿಗೆ ಸ್ವಂತ ಮಾತನ್ನು ಆಡುವ ಧೈರ್ಯವೂ ಬರುತ್ತದೆ.

ಯಾವುದೇ ಒಂದು ಸಂಸ್ಥೆಯ ಸಂಬಳಕ್ಕೆ ಸೇರದೆ ಬರೆಯುವವನನ್ನು ಸ್ವತಂತ್ರ ಲೇಖಕನೆನ್ನುತ್ತಾರೆ. ನಮ್ಮಲ್ಲಿ ಅಂಥವನನ್ನು ‘ಹವ್ಯಾಸಿ ಬರಹಗಾರ’ ಎಂದು ಕರೆಯುವ ರೂಢಿಯೂ ಇದೆ. ಈ ಹೆಸರು ದಾರಿತಪ್ಪಿಸುವಂಥದು. ಹವ್ಯಾಸವೆಂದರೆ ಬಿಡುವಿನ ವೇಳೆಯಲ್ಲಿ ಮನಸ್ಸಿಗೆ ಬಂದಾಗ ಮಾಡುವ ಕೆಲಸ. ಬರಹದಿಂದಲೇ ಬದುಕುವವನಿಗೆ ಮನಸ್ಸು ಬಂದಾಗ ಬರೆಯುವ ಅನುಕೂಲವಿಲ್ಲ. ಇದಕ್ಕೆ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಒಂದು ಪುಸ್ತಕದ ಬೆಲೆ 150 ರೂಪಾಯಿ ಎಂದು ಇಟ್ಟುಕೊಳ್ಳಿರಿ. ಪ್ರಕಾಶಕರು ಅದರ 1,000 ಪ್ರತಿಗಳನ್ನು ಅಚ್ಚು ಮಾಡಿಸಿ, ಬೆಲೆಯ ಶೇಕಡಾ 10ರಷ್ಟನ್ನು ಲೇಖಕರಿಗೆ ಗೌರವಧನವಾಗಿ ಕೊಡಲು ಒಪ್ಪಿದ್ದಾರೆ. ಪ್ರತಿಗಳೆಲ್ಲವೂ ಖರ್ಚಾದರೆ ಲೇಖಕರಿಗೆ ಬರುವ ಹಣ 15,000 ರೂಪಾಯಿ. ಆ ಪುಸ್ತಕವನ್ನು ಬರೆಯಲು ಒಂದು ವರ್ಷ ಹಿಡಿದಿದ್ದರೆ ತಿಂಗಳಿಗೆ ಬಿದ್ದದ್ದು 1,250 ರೂಪಾಯಿ ಮಾತ್ರ. ಈ ಮೊತ್ತದಲ್ಲಿ ಒಂದು ಸಂಸಾರವು ನಡೆಯಲಾರದು. ಆದುದರಿಂದಲೇ ಲೇಖನಿಯಿಂದ ಬದುಕಿದವರು ಒಂದೇ ಬೆಳೆಯನ್ನು ನಂಬದೆ, ಕಾರಂತರಂತೆ, ನಿರಂಜನರಂತೆ ಹಲವು ಬೆಳೆಗಳನ್ನು ಬೆಳೆದರು. ಇಂದಿನ ಲೇಖಕನು ಪತ್ರಿಕೆಗೆ ಅಂಕಣವನ್ನು ಬರೆಯಬಹುದು, ಅನುವಾದ ಮಾಡಬಹುದು, ಆಕಾಶವಾಣಿಗೆ ರೂಪಕವನ್ನೂ ದೂರದರ್ಶನದ ಧಾರಾವಾಹಿಗೆ ಸಂಭಾಷಣೆಯನ್ನೂ ಬರೆದುಕೊಡಬಹುದು, ಅಂತರಜಾಲದ ಪತ್ರಿಕೆಗಳಿಗೂ ಧ್ವನಿಪುಸ್ತಕಗಳಿಗೂ ದುಡಿಯಬಹುದು. ಒಂದು ಕಡೆಯ ಮಳೆ ತಪ್ಪಿದರೆ ಮತ್ತೊಂದು ಕಡೆಯ ಬೆಳೆ ಕೈಹಿಡಿಯುತ್ತದೆ.

ಹೀಗೆ ಹಲವು ಕಡೆ ದುಡಿಯುವವನಿಗೆ ಮೇಲಧಿಕಾರಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಗಂಟೆ ಹೊಡೆಯುವ ಜವಾನನಿಲ್ಲ. ಆದುದರಿಂದ ಅವನೇ ತನಗೆ ಕಟ್ಟುನಿಟ್ಟಿನ ಯಜಮಾನನಾಗಬೇಕಾಗುತ್ತದೆ. ದಿನವೂ ನಿಶ್ಚಿತವಾದ ಹೊತ್ತಿನಲ್ಲಿ ಬರೆಯಲು ಕುಳಿತುಕೊಳ್ಳುವುದು ಮೊದಲನೆಯ ನಿಯಮ. ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನದಂದು, ಹೇಳಿದಷ್ಟು ಪುಟಗಳಲ್ಲಿ ಮುಗಿಸಿಕೊಡುವುದು ಎರಡನೆಯದು. ದೀಪಾವಳಿಯ ವಿಶೇಷಾಂಕಕ್ಕೆಂದು ಒಪ್ಪಿಕೊಂಡ ಲೇಖನವು ಹಬ್ಬದ ಮಾರನೆಯ ದಿನ ಸಂಪಾದಕರ ಕೈಸೇರಿದರೆ, ಅದು ಎಷ್ಟೇ ಸೊಗಸಾಗಿದ್ದರೂ ಪ್ರಯೋಜನವಿಲ್ಲ. ಮೂರನೆಯ ನಿಯಮವೆಂದರೆ ಲೆಕ್ಕ. ಯಾವ ಲೇಖನವನ್ನು ಯಾರಿಗೆ, ಯಾವ ದಿನ ಕಳುಹಿಸಿದೆ. ಅದು ಸ್ವೀಕೃತವಾಯಿತೇ, ಹಿಂದಿರುಗಿ ಬಂದಿತೇ. ಸಂಭಾವನೆಯು ಎಷ್ಟು, ಅದು ಕೈಸೇರಿದ್ದು ಯಾವಾಗ – ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಂಭಾವನೆಯು ತಿಂಗಳ ಮೊದಲ ದಿನವೇ ಬರುವ ಸಂಬಳವಲ್ಲ. ಒಮ್ಮೆ ಮೂರು ಕಡೆಯಿಂದ ಒಟ್ಟಿಗೆ ಬರುತ್ತದೆ, ಮತ್ತೊಮ್ಮೆ ಮೂರು ತಿಂಗಳಾದರೂ ಬರುವುದಿಲ್ಲ. ಬಂದಾಗ ಕೂಡಿಟ್ಟವನು ಮಾತ್ರ ಬಾರದಾಗ ನಿಶ್ಚಿಂತೆಯಿಂದ ಬರೆಯಬಲ್ಲನು.

ಈ ಮೂರು ನಿಯಮಗಳಷ್ಟೇ ಮುಖ್ಯವಾದ ಮತ್ತೊಂದುಂಟು. ಅದನ್ನು ತಿಳಿಯದೆ ನಾನೇ ನಷ್ಟಪಟ್ಟಿದ್ದೇನೆ. 1986ರಲ್ಲಿ, ಉಪಾಧ್ಯಾಯನಾಗಿ ಸೇರಿದ ಹೊಸದರಲ್ಲಿ, ನಾನು ಪ್ರಾಣಿಗಳನ್ನು ಕುರಿತು ಮಕ್ಕಳ ಕಥೆಗಳನ್ನು ಬರೆದೆನು. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಮೆಚ್ಚಿ, ನಾಲ್ಕು ನೂರು ರೂಪಾಯಿಗಳನ್ನು ಕೊಟ್ಟು, ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಮೊದಲ ಪುಸ್ತಕದ ಸಂಭ್ರಮದಲ್ಲಿ ನಾನು ಆ ಕಾಗದವನ್ನು ಓದಲೇ ಇಲ್ಲ. ಅನೇಕ ವರ್ಷಗಳ ಮೇಲೆ ನನ್ನ ತರಗತಿಯ ಹುಡುಗಿಯೊಬ್ಬಳು ಆ ಪುಸ್ತಕವನ್ನು ಹಿಡಿದುಕೊಂಡು ಬಂದಳು. ಅದು ಐದನೆಯ ಮುದ್ರಣವಾಗಿತ್ತು. ಅವಳು ಸಹಿಯನ್ನು ಕೇಳಲು ಬಂದಿರಬಹುದೆಂದು ನಾನು ಹಿಗ್ಗಿದೆನು. ಅವಳು ಒಂದು ಪುಟವನ್ನು ತೆರೆದು, “ಸಾರ್, ಬಾವಲಿ ಮೊಟ್ಟೆ ಇಡುತ್ತದೆ ಎಂದು ಬರೆದಿದ್ದೀರಿ. ಅದು ಮರಿ ಹಾಕುವ ಪ್ರಾಣಿಯಲ್ಲವೇ?” ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಆ ತಪ್ಪನ್ನು ತಿದ್ದಲು ಅಂದೇ ಪ್ರಕಾಶಕರಿಗೆ ಪತ್ರ ಬರೆದೆನು. ಪುಸ್ತಕದ ಸಕಲ ಹಕ್ಕುಗಳೂ ತಮ್ಮವೆಂದೂ ಬದಲಾವಣೆಗೆ ಅವಕಾಶವಿಲ್ಲವೆಂದೂ ಉತ್ತರ ಬಂದಿತು. ಐದು ಮುದ್ರಣಗಳ ಹಣವು ಬಾರದೆ ಹೋದುದಕ್ಕೆ ನಾನು ಬಹಳ ಕಾಲ ಮರುಗಲಿಲ್ಲ. ನನ್ನ ತಪ್ಪನ್ನು ನಾನೇ ತಿದ್ದಲಾಗದಂತೆ ಕೈಕಟ್ಟಿಸಿಕೊಂಡೆನಲ್ಲಾ ಎಂಬ ನೋವು ಮಾತ್ರ ಇಂದಿಗೂ ಉಳಿದಿದೆ.

ಈ ಹಕ್ಕಿಗೆ ಕೃತಿಸ್ವಾಮ್ಯವೆಂದು ಹೆಸರು. ನಮ್ಮ ದೇಶದಲ್ಲಿ 1957ರ ಕಾನೂನು ಇದನ್ನು ರಕ್ಷಿಸುತ್ತದೆ. ಬರೆದ ಕ್ಷಣದಿಂದಲೇ ಕೃತಿಯು ಲೇಖಕನದಾಗುತ್ತದೆ. ಅದಕ್ಕಾಗಿ ಎಲ್ಲಿಯೂ ನೋಂದಣಿ ಮಾಡಿಸಲೇಬೇಕೆಂಬ ನಿಯಮವಿಲ್ಲ. ಲೇಖಕನ ಜೀವಿತ ಕಾಲವೆಲ್ಲವೂ, ಅವನು ತೀರಿಕೊಂಡ ಮೇಲೆ ಅರವತ್ತು ವರ್ಷಗಳವರೆಗೂ ಈ ಹಕ್ಕು ನಡೆಯುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿಯಿರಬೇಕು. ಎಷ್ಟು ಕಾಲಕ್ಕೆ ಎಂಬುದನ್ನು ಕರಾರಿನಲ್ಲಿ ಹೇಳದಿದ್ದರೆ, ಇಂದಿನ ಕಾನೂನಿನಂತೆ ಅದನ್ನು ಐದು ವರ್ಷಗಳೆಂದೇ ಎಣಿಸಲಾಗುತ್ತದೆ. ನಾಲ್ಕು ನೂರು ಸಾಲುಗಳನ್ನು ಎಚ್ಚರಿಕೆಯಿಂದ ಬರೆಯುವ ಲೇಖಕನು ಕರಾರಿನ ನಾಲ್ಕು ಸಾಲುಗಳನ್ನು ಎಚ್ಚರಿಕೆಯಿಂದ ಓದಬೇಕು. ತನ್ನ ಹಕ್ಕನ್ನು ಬಯಸುವವನು ಇತರರ ಹಕ್ಕನ್ನೂ ಮನ್ನಿಸಬೇಕಷ್ಟೆ. ಮತ್ತೊಬ್ಬರ ಬರಹವನ್ನು ತನ್ನದೆಂದು ಅಚ್ಚು ಹಾಕಿಸುವುದು ಕಳವು. ಅದಕ್ಕೆ ಬೇರೆ ಹೆಸರಿಲ್ಲ.

ಇಷ್ಟನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಅಧೈರ್ಯವಾಗಬಹುದು. ಮತ್ತೆ ಕೆಲವರಿಗೆ ನಾಳೆಯೇ ಓದನ್ನು ಬಿಟ್ಟು ಲೇಖಕರಾಗುವ ಉತ್ಸಾಹ ಬರಬಹುದು. ಎರಡೂ ಬೇಡ. ಕುವೆಂಪು ಅವರು ಪ್ರಾಧ್ಯಾಪಕರಾಗಿದ್ದುಕೊಂಡೇ, ಮಾಸ್ತಿಯವರು ಸರಕಾರಿ ಅಧಿಕಾರಿಯಾಗಿದ್ದುಕೊಂಡೇ ಮಹತ್ತಾದ ಸಾಹಿತ್ಯವನ್ನು ರಚಿಸಿದರು. ಕೈಯಲ್ಲಿ ಒಂದು ಉದ್ಯೋಗವನ್ನು ಇಟ್ಟುಕೊಂಡು ಬರೆಯುವುದರಲ್ಲಿ ಯಾವ ಹೀನಾಯವೂ ಇಲ್ಲ. ಹೊಸ ಬಾವಿಯಲ್ಲಿ ನೀರು ಕಾಣುವವರೆಗೆ ಹಳೆಯ ಬಾವಿಯನ್ನು ಮುಚ್ಚದಿರುವುದೇ ಜಾಣತನ. ಸದ್ಯಕ್ಕೆ ನೀವು ಮಾಡಬಹುದಾದ ಕೆಲಸವು ಬಹಳ ಸಣ್ಣದು. ದಿನಕ್ಕೆ ಒಂದು ಪುಟವನ್ನು ಬರೆಯಿರಿ. ಕಂಡದ್ದನ್ನು ಕಂಡಂತೆ ಬರೆಯಿರಿ; ತಿಳಿಯದ್ದನ್ನು ಬಲ್ಲವರಲ್ಲಿ ಕೇಳಿ ತಿಳಿದು ಬರೆಯಿರಿ. ಬರೆದುದನ್ನು ಮರುದಿನ ಓದಿ ತಿದ್ದಿರಿ. ಕಳುಹಿಸಿದ ಲೇಖನವು ಹಿಂದಿರುಗಿ ಬಂದರೆ ಅದನ್ನು ಅವಮಾನವೆಂದು ತಿಳಿಯದೆ ಮತ್ತೊಮ್ಮೆ ತಿದ್ದಿರಿ.

ಬರಹವು ಕಾಯಕವೇ ಹೌದು. ಉಳಿದೆಲ್ಲ ಕಾಯಕಗಳಂತೆ ಅದಕ್ಕೂ ಶ್ರಮವುಂಟು, ಕಾಲನಿಷ್ಠೆಯುಂಟು, ಲೆಕ್ಕವುಂಟು, ಪ್ರಾಮಾಣಿಕತೆಯುಂಟು. ಇವುಗಳನ್ನು ರೂಢಿಸಿಕೊಂಡವನಿಗೆ, “ಜೀವನಕ್ಕೆ ಏನು ಮಾಡಿಕೊಂಡಿದ್ದೀರಿ?” ಎಂಬ ಆ ಎರಡನೆಯ ಪ್ರಶ್ನೆಯು ಎದುರಾದಾಗ ತಲೆ ತಗ್ಗಿಸಬೇಕಾದ ಸಂದರ್ಭವಿಲ್ಲ. ಅವನು ತನ್ನ ಮೊದಲ ಉತ್ತರವನ್ನೇ ಮತ್ತೊಮ್ಮೆ ನೆಮ್ಮದಿಯಿಂದ ಹೇಳಬಹುದು: “ನಾನು ಬರೆಯುತ್ತೇನೆ.”