ಬೇರಿಂಗ್ ಬದಲಿಸಿದರೆ ಸಾಲದು, ಸೀಟೂ ನೋಡಿ



ನಮ್ಮ ಒಂದು ಸಂಘದವರು ಸಾಲ ತೆಗೆದು ಖಾರದ ಪುಡಿ ಮಾಡುವ ಯಂತ್ರ ಹಾಕಿದ್ದರು. ನಾಲ್ಕು ತಿಂಗಳಲ್ಲಿ ಮೂರು ಸಲ ಬೇರಿಂಗ್ ಹೋಯಿತು. ಯಂತ್ರ ನಿಂತರೆ ಸಂಪಾದನೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಯಂತ್ರ ನಡೆಸುವವಳು ಸರಿಯಾಗಿ ಗ್ರೀಸ್ ಹಾಕುವುದಿಲ್ಲ ಎಂದು ಸಭೆಯಲ್ಲಿ ಮಾತು ಬಂತು. "ಸಿಸ್ಟರ್, ನಾನು ತಪ್ಪದೆ ಹಾಕ್ತೀನಿ" ಎಂದು ಆಕೆ ಅತ್ತಳು. ನಾನೂ ಆಗ ನಂಬಲಿಲ್ಲ. ಕೊನೆಗೆ ಯಂತ್ರ ಬಿಚ್ಚಿಸಿದಾಗ ತಿಳಿಯಿತು, ದೋಷ ಇದ್ದದ್ದು ಬೇರಿಂಗ್ ಕೂರುವ ಜಾಗದಲ್ಲಿ.

ಸೀಟು ಎಂದರೇನು?

ಬೇರಿಂಗಿನ ಒಳ ರಿಂಗು ಶಾಫ್ಟಿನ ಜೊತೆ ತಿರುಗುತ್ತದೆ. ಹೊರ ರಿಂಗು ಮಾತ್ರ ಹೌಸಿಂಗಿನ ದುಂಡು ತೂತಿನಲ್ಲಿ ತಿರುಗದೆ ಕೂತಿರಬೇಕು. ಆ ತೂತೇ ಸೀಟು. ಅದು ಸವೆದು ದೊಡ್ಡದಾದರೆ ಹೊರ ರಿಂಗೂ ತಿರುಗತೊಡಗುತ್ತದೆ, ಬಿಸಿಯಾಗುತ್ತದೆ, ಶಬ್ದ ಬರುತ್ತದೆ. ಹೊಸ ಬೇರಿಂಗ್ ಹಾಕಿದರೂ ಅದೇ ಗತಿ. ಸೀಟು ತೀರ ಬಿಗಿಯಾದರೆ ಒಳಗಿನ ಗೋಲಿಗಳು ಸರಾಗವಾಗಿ ಓಡುವುದಿಲ್ಲ.

6206 ನಂಬರಿನ ಬೇರಿಂಗಿನ ಹೊರ ಅಳತೆ 62 ಮಿ.ಮೀ. ಅದರ ಸೀಟು ಸಾಮಾನ್ಯವಾಗಿ 62.00ರಿಂದ 62.03 ಮಿ.ಮೀ. ಇರಬೇಕು. ಈ ವ್ಯತ್ಯಾಸ ಒಂದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ!

ಗುದ್ದಲಿಯ ಕಾವು ಸಡಿಲವಾದರೆ ಚಕ್ಕೆ ಹೊಡೆದು ಬಿಗಿ ಮಾಡುತ್ತೇವೆ. ಹಾಗೆಯೇ ಕೆಲವರು ಸೀಟಿಗೆ ಪಂಚಿನಿಂದ ಚುಕ್ಕೆ ಹೊಡೆದು ಅಥವಾ ತಗಡು ಸುತ್ತಿ ಬೇರಿಂಗ್ ಕೂರಿಸುತ್ತಾರೆ. ಅದು ಬಹಳ ದಿನ ಬಾಳುವುದಿಲ್ಲ.

ಲೇತಿನಲ್ಲಿ ಮಾಡುವ ಕೆಲಸ

1. ಹೌಸಿಂಗನ್ನು ಚಕ್ಕಿಗೆ ಕಟ್ಟಿ, ಡಯಲ್ ಇಟ್ಟು ನಡು ಸರಿಮಾಡುತ್ತಾರೆ. ಸೀಟು ಒಂದು ಪಕ್ಕಕ್ಕೆ ಹೆಚ್ಚು ಸವೆದಿರಬಹುದು. ಆದ್ದರಿಂದ ಸವೆಯದ ಭಾಗ ಹಿಡಿದೇ ನಡು ನೋಡಬೇಕು.

2. ಬೋರಿಂಗ್ ಟೂಲಿನಿಂದ ಸವೆದ ತೂತನ್ನು ಇನ್ನಷ್ಟು ಅಗಲ ಮಾಡಿ, ಅದರೊಳಗೆ ಕಬ್ಬಿಣದ ಬುಷ್ ಒತ್ತಿ ಕೂರಿಸುತ್ತಾರೆ.

3. ಬುಷ್ಷಿನ ಒಳಭಾಗವನ್ನು ಬೇರಿಂಗಿನ ಅಳತೆಗೆ ಕೊರೆಯುತ್ತಾರೆ. ಕೊನೆಯಲ್ಲಿ ತೀರ ತೆಳುವಾಗಿ ತೆಗೆಯಬೇಕು. ಟೂಲ್ ಹೆಚ್ಚು ಉದ್ದ ಚಾಚಿದ್ದರೆ ನಡುಗಿ, ಒಳಗೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ.

4. ಕೊರೆಯುವಾಗ ಕಬ್ಬಿಣ ಬಿಸಿಯಾಗಿ ಹಿಗ್ಗುತ್ತದೆ. ತಣಿದ ಮೇಲೆ ಬೋರ್ ಗೇಜಿನಿಂದ ಬಾಯಲ್ಲೂ ತಳದಲ್ಲೂ ಅಳೆಯಬೇಕು.

ನಾವು ಮಾಡಬೇಕಾದದ್ದು

* ಕರೆಂಟ್ ತೆಗೆಸಿಯೇ ಯಂತ್ರ ಬಿಚ್ಚಿಸಿ. ಹಳೇ ಬೇರಿಂಗಿನ ಹೊರಮೈ ಉಜ್ಜಿ ಹೊಳೆಯುತ್ತಿದ್ದರೆ ಸೀಟು ಸವೆದಿರಬಹುದು.
* ಹೌಸಿಂಗಿನ ಜೊತೆ ಹೊಸ ಬೇರಿಂಗ್ ಮತ್ತು ಶಾಫ್ಟನ್ನೂ ಒಯ್ಯಿರಿ. ಶಾಫ್ಟೂ ಸವೆದಿದೆಯೇ ನೋಡಿಸಿ.
* "ಅಣ್ಣಾ, ನಮ್ಮೆದುರೇ ಅಳತೆ ನೋಡಿ" ಎಂದು ಕೇಳಿ. ನಾಚಿಕೆ ಬೇಡ, ದುಡ್ಡು ನಮ್ಮದು.
* ಹೊಸ ಬೇರಿಂಗನ್ನು ಸೀಟಿಗೆ ನೇರವಾಗಿ ಹಿಡಿದು ಕೈಯಿಂದ ಒತ್ತಿದರೆ ಒಳಗೆ ಹೋಗಬೇಕು, ಅಲ್ಲಾಡಬಾರದು.
* ಲೇತ್ ಓಡುವಾಗ ದೂರ ನಿಲ್ಲಿ. ಸೆರಗು, ಜಡೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.
* ಬಿಲ್ಲಿನಲ್ಲಿ ಅಳತೆ ಬರೆಸಿಕೊಂಡು ಸಂಘದ ಪುಸ್ತಕದಲ್ಲಿ ದಾಖಲಿಸಿ.

ಸೀಟು ಸರಿಮಾಡಿಸಿದ ಮೇಲೆ ಆ ಯಂತ್ರ ಚೆನ್ನಾಗಿ ಓಡಿತು. ಮುಂದಿನ ಸಭೆಯಲ್ಲಿ ಸದಸ್ಯೆಯರು ಆ ಸಹೋದರಿಯ ಕ್ಷಮೆ ಕೇಳಿದರು. ನಾನೂ ಕೇಳಿದೆ. ಯಂತ್ರ ಕೆಟ್ಟಾಗ ಮೊದಲು ಯಂತ್ರವನ್ನು ಬಿಚ್ಚಿ ನೋಡೋಣ, ಆಮೇಲೆ ಮನುಷ್ಯರ ಮಾತು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಯಂತ್ರದ ಬೇರಿಂಗ್ ನಂಬರ್ ಎಷ್ಟು? ಕಳೆದ ವರ್ಷ ಎಷ್ಟು ಸಲ ಬದಲಿಸಿದೆವು?
2. ನಿಜ ತಿಳಿಯದೆ ನಾವು ಯಾರ ಮೇಲಾದರೂ ತಪ್ಪು ಹೊರಿಸಿದ್ದೇವೆಯೇ?